ಸೊನ್ನೆ ಸಾಲಿನ ಸೀರೆಗಳು

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಮೆರಿಕದಲ್ಲಿದ್ದಷ್ಟು ಕಾಲವೂ ಡೈರಿ ಬರೆದೆ, ನಿಜ. ಈಗ ತೆಗೆದು ನೋಡಿದರೆ ಅದರಲ್ಲಿರುವುದು ಹೊರಗೆ ಚಳಿ ಎಷ್ಟಿತ್ತು, ಯಾರ ಮನೆಯ ಹುಳಿಗೆ ಉಪ್ಪು ಮುಂದಾಗಿತ್ತು ಎಂಬಂಥ ಸಂಗತಿಗಳು. ಬೇಕಾದದ್ದು ಒಂದೂ ಇಲ್ಲ. ಮೈಸೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಹೇಳಿ, ಕಣ್ಣಾರೆ ಕಂಡವರ ಹೇಳಿಕೆಯನ್ನೂ ಪೂರ್ತಿ ನಂಬಬೇಡಿ ಎಂದು ಮಕ್ಕಳಿಗೆ ಎಚ್ಚರಿಸಿದವಳು ನಾನು. ಆ ಎಚ್ಚರಿಕೆ ಈಗ ನನ್ನ ಬಾಗಿಲಿಗೇ ಬಂದು ನಿಂತಿದೆ. ಮಿಶಿಗನ್ನಿನ ಟ್ರಾಯ್ ಊರಿನ ಒಂದು ಬೇಸ್‌ಮೆಂಟಿನಲ್ಲಿ, ನವರಾತ್ರಿಯ ಗೊಂಬೆಗಳ ಮುಂದೆ, ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯ ಹತ್ತಿರ ಬಾಗಿದ್ದನ್ನು ಕಂಡೆ. ಕಂಡೆನೇ? ಅಥವಾ ಆಮೇಲೆ ನಡೆದದ್ದಕ್ಕೆ ಒಂದು ಕಾರಣ ಬೇಕಾಗಿ ನಾನೇ ಅವಳನ್ನು ಬಾಗಿಸಿದೆನೇ?

ಒಂದು ಮಾತ್ರ ತಪ್ಪಿಲ್ಲದೆ ನೆನಪಿದೆ, ಒಂದು ಕೊರಿಯನ್ ಅಕ್ಷರ. ಮರೆಯೋಣವೆಂದರೂ ಆಗದಷ್ಟು ಸುಲಭ ಅದು. ಬರೀ ಒಂದು ಸೊನ್ನೆ.

ಲೊಂಬಾರ್ಡ್

ಬ್ಯಾಂಕುಗಳು ಮುಳುಗಿದ ಮರುವರ್ಷ, ಶ್ರಾವಣದಲ್ಲಿ, ತಂಗಿ ಉಷಾಳ ಮನೆಗೆ ಹೋದೆ. ಶಿಕಾಗೋದ ಹೊರವಲಯದ ಲೊಂಬಾರ್ಡಿನಲ್ಲಿ ಎರಡನೆಯ ಮಹಡಿಯ ಅಪಾರ್ಟ್‌ಮೆಂಟು ಅವಳದು. ಕಾರು ನಿಲ್ಲಿಸುವ ಜಾಗಕ್ಕೆ ಎದುರಾಗಿ ಒಂದು ಪುಟ್ಟ ಬಾಲ್ಕನಿ. ಅದೇ ಕಟ್ಟಡದಲ್ಲಿ ತೆಲುಗರು, ತಮಿಳರು, ನಮ್ಮವರು, ಎಲ್ಲರೂ ಕಂಪ್ಯೂಟರ್ ಕೆಲಸದವರು. ಸಂಜೆಯಾದರೆ ಒಗ್ಗರಣೆಯ ವಾಸನೆಯಲ್ಲೇ ಯಾರ ಮನೆ ಯಾವುದೆಂದು ಹೇಳಬಹುದಿತ್ತು.

ಮೊದಲ ವಾರದಲ್ಲಿ ನನ್ನಿಂದ ಎರಡು ಅಪರಾಧಗಳಾದವು. ಒಂದು, ಕೊತ್ತಂಬರಿ ಸೊಪ್ಪು ತರಲು ನಡೆದುಕೊಂಡು ಹೋದದ್ದು. ಕಾಲುದಾರಿ ಒಂದು ಕಡೆ ಇದ್ದಕ್ಕಿದ್ದಂತೆ ಮುಗಿದುಹೋಯಿತು, ಹುಲ್ಲಿನ ಮೇಲೆ ನಡೆದೆ. ಪೊಲೀಸ್ ಕಾರೊಂದು ಪಕ್ಕಕ್ಕೆ ಬಂದು ನಿಂತು, ದಾರಿ ತಪ್ಪಿದೆಯೇ ಎಂದು ಕೇಳಿತು. ಇಲ್ಲ, ನಡೆಯುತ್ತಿದ್ದೇನೆ ಎಂದೆ. ಒಳಗಿದ್ದ ಪೊಲೀಸ್ ಹುಡುಗ ನನ್ನ ಉತ್ತರವನ್ನು ಯೋಚಿಸಿ, ಹುಷಾರು ಎಂದು ಹೇಳಿ ಹೋದ. ಎರಡನೆಯದು, ಒಗೆದ ಸೀರೆಯನ್ನು ಬಾಲ್ಕನಿಯ ಕಂಬಿಯ ಮೇಲೆ ಒಣಹಾಕಿದ್ದು. ಮಧ್ಯಾಹ್ನದೊಳಗೆ ಬಾಗಿಲ ಸಂದಿಯಿಂದ ಮ್ಯಾನೇಜರ್ ಕಡೆಯ ಚೀಟಿ ಒಳಬಂತು: ಬಟ್ಟೆಗಳು ಹೊರಗಿನವರಿಗೆ ಕಾಣಬಾರದು. ಉಷಾ ಅದನ್ನು ಓದಿ ಜೋರಾಗಿ ನಕ್ಕಳು.

"ಅಕ್ಕ, ಇಲ್ಲಿ ಒಗೆಯೋದು ತಪ್ಪಲ್ಲ. ಒಗೆದಿದ್ದು ಕಾಣಬಾರದು, ಅಷ್ಟೆ."

ಅಷ್ಟು ನಗುವಂಥದ್ದು ಅದರಲ್ಲೇನಿತ್ತೋ ಆಗ ನನಗೆ ತಿಳಿಯಲಿಲ್ಲ.

ಅವಳ ಗಂಡ ಪ್ರಕಾಶ ವಾರದ ದಿನಗಳಲ್ಲೂ ಮನೆಯಲ್ಲೇ ಇರುತ್ತಿದ್ದ. ವರ್ಕ್ ಫ್ರಮ್ ಹೋಮ್ ಅಂದ. ಲ್ಯಾಪ್‌ಟಾಪ್ ತೆರೆದಿರುತ್ತಿತ್ತು, ಫೋನು ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಉಷಾ ಹೇಳಿದಳು, ಅವನು ಬೆಂಚಿನ ಮೇಲಿದ್ದಾನೆ. ನಮ್ಮ ಕಾಲದಲ್ಲಿ ಮೇಷ್ಟ್ರು ಹೋಮ್‌ವರ್ಕ್ ಮಾಡದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ಕಂಪನಿ ಪ್ರಾಜೆಕ್ಟ್ ಇಲ್ಲವೆಂದು ಕೂರಿಸುತ್ತದೆ. ಸಂಬಳವಿಲ್ಲ. ಆದರೆ ವೀಸಾ ಆ ಕಂಪನಿಯದು, ಗ್ರೀನ್ ಕಾರ್ಡಿನ ಅರ್ಜಿಯೂ ಅದರದ್ದೇ. ಬಿಟ್ಟರೆ ಎರಡೂ ಹೋದವು. ಉಷಾಳದು ಹೆಂಡತಿಯ ವೀಸಾ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದರೂ ಆ ದೇಶದಲ್ಲಿ ಅವಳು ಒಂದು ಗಂಟೆ ಕೂಲಿ ಮಾಡುವುದೂ ಕಾನೂನಿಗೆ ವಿರುದ್ಧ.

ಹಾಗಾದರೆ ಮನೆ ಹೇಗೆ ನಡೆಯುತ್ತಿದೆ ಎಂದು ನಾನು ಕೇಳಲಿಲ್ಲ. ಅವಳು ದಿನಾ ಬೆಳಿಗ್ಗೆ ವಾಕ್ ಎಂದು ಹೊರಟು ಸಂಜೆ ಬರುತ್ತಿದ್ದಳು. ಬಂದಾಗ ಅವಳ ಬಟ್ಟೆಯಿಂದ ಸೀಮೆಎಣ್ಣೆಯಂಥ, ಅದಕ್ಕಿಂತ ಸಿಹಿಯಾದ ಒಂದು ವಾಸನೆ. ಪ್ರಕಾಶ ಎದ್ದು ಕಿಟಕಿ ತೆಗೆಯುತ್ತಿದ್ದ. ಅದು ಅವನ ಪಾಲಿನ ಮಾತು.

"ನೀನೂ ಬಾ ನಾಳೆ," ಎಂದಳು ಒಂದು ಸಂಜೆ. "ಮನೇಲಿ ಕೂತು ಅವರ ಮುಖ ನೋಡ್ತಾ ಇದ್ರೆ ನಿಂಗೂ ಕಾಯಿಲೆ ಬರತ್ತೆ."

ಅಂಗಡಿಯ ಹಿಂದುಗಡೆ

ಒಂದು ಪಿಜ್ಜಾ ಅಂಗಡಿ, ಮುಚ್ಚಿಹೋದ ಒಂದು ಮನೆಸಾಲದ ಆಫೀಸು, ಇವೆರಡರ ನಡುವೆ ಉಷಾ ಗುಟ್ಟಾಗಿ ದುಡಿಯುತ್ತಿದ್ದ ಡ್ರೈಕ್ಲೀನಿಂಗ್ ಅಂಗಡಿ. ಒಡತಿ ಕೊರಿಯಾದ ಹೆಂಗಸು, ಐವತ್ತು ದಾಟಿದವಳು, ಗಂಡಸಿನಂತೆ ಕತ್ತರಿಸಿದ ಕೂದಲು. ಉಷಾ ಅವಳನ್ನು ಸಾಜಾಂಗ್‌ನಿಮ್ ಎನ್ನುತ್ತಿದ್ದಳು, ಯಜಮಾನರೇ ಎಂದ ಹಾಗೆ. ಹೆಸರು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ನನ್ನನ್ನು ನೋಡಿ ಅವಳು ನಗಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಬಕೆಟ್ಟು ಬೋರಲು ಹಾಕಿ ಕೂರಲು ತೋರಿಸಿದಳು. ಅಷ್ಟೇ ಉಪಚಾರ.

ಹಿಂದುಗಡೆ ಸೆಕೆ. ಆವಿಯ ಇಸ್ತ್ರಿಯಂತ್ರ ಬುಸುಗುಟ್ಟುತ್ತಿತ್ತು. ಪ್ಲಾಸ್ಟಿಕ್ ಹೊದ್ದ ಕೋಟು, ಷರಟು, ಗೌನುಗಳು ಉದ್ದುದ್ದ ಕಂಬಿಗಳಿಗೆ ನೇತುಬಿದ್ದಿದ್ದವು. ಬಟ್ಟೆಗಳಿಗೆ ನಂಬರಿನ ಚೀಟಿ ಇದ್ದರೂ ಗಿರಾಕಿಗಳು ತಮಗೆ ಹರಿದುಕೊಟ್ಟ ಅರ್ಧ ಚೀಟಿಯನ್ನು ತರುವುದೇ ಇಲ್ಲವಂತೆ, ಹೆಸರು ಹೇಳುತ್ತಾರೆ. ಅದಕ್ಕೇ ಒಡತಿ ತನ್ನದೊಂದು ಕ್ರಮ ಮಾಡಿಕೊಂಡಿದ್ದಳು. ಕಂಬಿಗಳ ನಡುನಡುವೆ ರಟ್ಟಿನ ತುಂಡು ಕಟ್ಟಿ, ಒಂದೊಂದರ ಮೇಲೂ ಒಂದು ಕೊರಿಯನ್ ವ್ಯಂಜನ ಬರೆದಿದ್ದಳು. ಹೆಸರಿನ ಮೊದಲ ಸದ್ದು ಯಾವುದೋ ಆ ರಟ್ಟಿನ ಹಿಂದೆ ಆ ಬಟ್ಟೆ. ಅವರಲ್ಲಿ ರಕಾರಕ್ಕೂ ಲಕಾರಕ್ಕೂ ಒಂದೇ ಅಕ್ಷರವಾದ್ದರಿಂದ ರಾಬರ್ಟನೂ ಲಿಂಡಾಳೂ ಅಕ್ಕಪಕ್ಕ ತೂಗುತ್ತಿದ್ದರು.

ಎಲ್ಲಕ್ಕಿಂತ ಉದ್ದದ ಸಾಲಿನ ರಟ್ಟಿನ ಮೇಲೆ ಒಂದು ಸೊನ್ನೆ ಇತ್ತು.

ಇದನ್ನು ಹೇಗೆ ಉಚ್ಚರಿಸುವುದು ಎಂದು ಕೇಳಿದೆ. ಒಡತಿ ಬಾಯಿ ತೆರೆದಳು. ಸದ್ದು ಬರಲಿಲ್ಲ. ಬಾಯಿ ಮುಚ್ಚಿದಳು. ನನ್ನ ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದೆ. ಅವಳು ಮತ್ತೆ ಹಾಗೇ ಮಾಡಿ, "ನಥಿಂಗ್" ಎಂದಳು, ಮಂದಬುದ್ಧಿಯವಳಿಗೆ ಹೇಳುವ ಹಾಗೆ.

ಉಷಾ ಬಿಡಿಸಿ ಹೇಳಿದಳು. ಅವರ ಬರವಣಿಗೆಯಲ್ಲಿ ಸ್ವರ ಒಂಟಿಯಾಗಿ ನಿಲ್ಲುವಂತಿಲ್ಲ. ಮುಂದೆ ಒಂದು ವ್ಯಂಜನ ಇರಲೇಬೇಕು. ವ್ಯಂಜನವಿಲ್ಲದ ಕಡೆ ಈ ಸೊನ್ನೆಯನ್ನು ನಿಲ್ಲಿಸುತ್ತಾರೆ. ಅದಕ್ಕೆ ಸದ್ದಿಲ್ಲ, ಆದರೆ ಅದಿಲ್ಲದೆ ಬರೆದರೆ ತಪ್ಪು. ಆಂಡರ್ಸನ್, ಎವನ್ಸ್, ಓವೆನ್ಸ್ ಎಲ್ಲ ಅದರ ಹಿಂದೆ. ಅವರಲ್ಲಿ ಯ, ವ ಸದ್ದುಗಳನ್ನೂ ಸ್ವರದೊಳಗೇ ಬರೆಯುವುದರಿಂದ ವಿಲಿಯಮ್ಸ್, ಯಂಗ್ ಕೂಡ ಅಲ್ಲೇ.

"ನನ್ ಹೆಸರೂ ಸೊನ್ನೆಯಿಂದಲೇ ಶುರು," ಎಂದು ರಟ್ಟಿನ ಚೂರಿನ ಮೇಲೆ ಬರೆದು ತೋರಿಸಿದಳು.

ಆದರೆ ಅದೇ ಸೊನ್ನೆ ಅಕ್ಷರದ ತಳಕ್ಕೆ ಬಂದರೆ ಸದ್ದು ಮಾಡುತ್ತದೆ. ಸಾಜಾಂಗ್ ಎನ್ನುವಾಗಿನ ಕೊನೆಯ ಸದ್ದು. ನಾವು ಅಂಗಳ ಎನ್ನುವಾಗ ಅಕಾರದ ಪಕ್ಕ ಸೊನ್ನೆ ಇಟ್ಟು ಮೂಗಿನಿಂದ ಹೊರಡಿಸುವ ಸದ್ದು, ಒಂದನೆಯ ತರಗತಿಯಲ್ಲಿ ಕ ಖ ಗ ಘ ಆದಮೇಲೆ ಅರಚಿ, ಆಮೇಲೆ ಬದುಕಿಡೀ ಬಳಸದೆ ಬಿಡುವ ಙ. ನಾನು ಙ ಅಂದೆ. ಒಡತಿ ಇಸ್ತ್ರಿ ನಿಲ್ಲಿಸಿ ತಿರುಗಿದಳು. ಅಮೆರಿಕದವರು ಇದನ್ನು ಹೇಳಿದರೆ ಕೊನೆಯಲ್ಲಿ ಒಂದು ಗಕಾರದ ಬಾಲ ಬರುತ್ತದಂತೆ. ನನ್ನದರಲ್ಲಿ ಬಾಲವಿರಲಿಲ್ಲ. "ಗುಡ್," ಎಂದು ಮತ್ತೆ ಕೆಲಸಕ್ಕೆ ತೊಡಗಿದಳು. ಆ ಒಂದು ಗುಡ್‌ಗೆ ನಾನು ಇಡೀ ದಿನ ಉಬ್ಬಿದ್ದೆ.

ಅದು ಗಂಟಲಿನ ಚಿತ್ರ ಎಂದು ಅವಳು ಇನ್ನೊಂದು ದಿನ ಹೇಳಿದಳು, ಬೆರಳಿನಿಂದ ತನ್ನ ಕೊರಳಿನ ಮೇಲೆ ಸುತ್ತು ಬರೆದು. ತೆರೆದ ಗಂಟಲು ಆ ಆಕಾರದಲ್ಲಿರುತ್ತದೆ. ಒಂದು ಕಾಲಕ್ಕೆ ಇವು ಎರಡು ಬೇರೆ ಅಕ್ಷರಗಳಾಗಿದ್ದವು, ಸದ್ದಿನ ಸೊನ್ನೆಗೆ ತಲೆಯ ಮೇಲೊಂದು ತೊಟ್ಟು ಇತ್ತು, ಬರಬರುತ್ತ ತೊಟ್ಟು ಉದುರಿ ಎರಡೂ ಒಂದಾದವು ಎಂಬುದನ್ನು ಅವಳೇ ಹೇಳಿದಳೋ, ಊರಿಗೆ ಬಂದಮೇಲೆ ನಾನು ಎಲ್ಲೋ ಓದಿದೆನೋ ನೆನಪಿಲ್ಲ.

ಸೊನ್ನೆಯ ಸಾಲಿನ ಕೆಳಗೆ ಒಂದು ಹಲಗೆಯಿತ್ತು. ಅಲ್ಲಿ ರೇಷ್ಮೆ ಸೀರೆಗಳು. ನಮ್ಮ ಹೆಂಗಸರ ಹೆಸರಿನೊಂದಿಗೆ ಒಡತಿ ಬಹಳ ಗುದ್ದಾಡಿದ್ದಳಂತೆ. ಒಬ್ಬಾಕೆಯೇ ಫೋನಿನಲ್ಲಿ ಶಾಂತಾ, ಕಾರ್ಡಿನ ಮೇಲೆ ಗಂಡನ ಹೆಸರು, ಸಹಿಯಲ್ಲಿ ಊರು ಮತ್ತು ಅಪ್ಪನ ಹೆಸರಿನ ಎರಡು ಇನಿಷಿಯಲ್. ಮೂರು ಸಾಲು ಹುಡುಕಿ ಸೋತು, ಇವರೆಲ್ಲರ ಸೀರೆಯೂ ಸೊನ್ನೆಯ ಕೆಳಗಿರಲಿ, ಯಾವ ಹೆಸರು ಹೇಳಿದರೂ ಅದು ಹೊರುತ್ತದೆ ಎಂದು ತೀರ್ಮಾನಿಸಿದ್ದಳು.

ಮೊದಮೊದಲು ಸೀರೆಗಳನ್ನೂ ಹ್ಯಾಂಗರಿಗೆ ನೇತುಹಾಕಿ ಕೊಡುತ್ತಿದ್ದರಂತೆ, ಜರಿ ಜೋತುಬೀಳುತ್ತಿತ್ತು. ಉಷಾ ಬಂದಮೇಲೆ ಮಡಚತೊಡಗಿದಳು. ಹಳೆಯ ಮಡಿಕೆಯ ಗೆರೆಯ ಮೇಲೆ ಮತ್ತೆ ಮಡಚದೆ, ಜರಿ ಒಳಮುಖವಾಗಿ, ನಡುವೆ ಬಿಳಿಯ ತೆಳುಬಟ್ಟೆ ಇಟ್ಟು. ಕೊನೆಗೆ ಸೆರಗಿನ ಮೂಲೆಯನ್ನು ವೀಳ್ಯದೆಲೆ ಮಡಚಿದಂತೆ ತ್ರಿಕೋನವಾಗಿ ಒಳಕ್ಕೆ ಸಿಕ್ಕಿಸುವುದು. ಇದು ನಮ್ಮ ಅಜ್ಜಿಯ ಕ್ರಮ. ಅವಳ ಮರದ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಮೊಳೆ ಎದ್ದಿತ್ತು, ಸೆರಗಿನ ತುದಿಯನ್ನು ಎಳೆದುಬಿಡುತ್ತಿತ್ತು. ಮೊಳೆ ಬಡಿಸುವ ಬದಲು ಮನೆಯ ಹೆಣ್ಣುಮಕ್ಕಳಿಗೆಲ್ಲ ಮೂಲೆ ಸಿಕ್ಕಿಸುವುದನ್ನು ಕಲಿಸಿದಳು. ಹಾಗೆ ಕಲಿತವರು ಮೂವರು: ನಾನು, ಉಷಾ, ಮತ್ತು ನಮ್ಮ ಜೊತೆಯಲ್ಲೇ ಬೆಳೆದ ದೊಡ್ಡಮ್ಮನ ಮಗಳು ಸರೋಜಕ್ಕ. ಬೇರೆಲ್ಲೂ ನಾನು ಹಾಗೆ ಮಡಚಿದ್ದನ್ನು ನೋಡಿಲ್ಲ.

ನಮ್ಮವರು ಬಂದ ಸದ್ದಾದರೆ ಉಷಾ ಕೌಂಟರಿನತ್ತ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೊರಗೆ ಕನ್ನಡ ಕೇಳಿಸಿತು. ಅವಳು ಯಂತ್ರದ ಆವಿಯನ್ನು ನಿಲ್ಲಿಸಿ, ನನ್ನ ಕೈ ಹಿಡಿದಳು. ಬಂದವರಲ್ಲಿ ಒಬ್ಬರು ಹತ್ತಿರದ ನೇಪರ್‌ವಿಲ್ ಊರಿನ ಶಾಂತಾ ಆಂಟಿ, ಅಲ್ಲಿನ ನಮ್ಮವರ ಮನೆಗಳಲ್ಲಿ ಏನೇ ಸಮಾರಂಭವಾದರೂ ಮುಂದೆ ನಿಲ್ಲುವವರು.

"ಪ್ರಕಾಶ್ ಇನ್ನೂ ಬೆಂಚಂತೆ ಕಣ್ರೀ," ಎಂದಿತು ಇನ್ನೊಂದು ದನಿ.

"ಪಾಪ. ಆ ಹುಡ್ಗೀನೂ ಎಲ್ಲೂ ಕಾಣಿಸೋದೇ ಇಲ್ಲ," ಎಂದರು ಶಾಂತಾ ಆಂಟಿ. "ಮನೇಲೇ ಕೂತು ಏನ್ ಮಾಡ್ತಾಳೋ. ಏನಾದ್ರೂ ಕೋರ್ಸ್ ಗೀರ್ಸ್ ಮಾಡ್ಬಾರ್ದಾ?"

ಅವರ ಸೀರೆ ಆಗ ಉಷಾಳ ತೊಡೆಯ ಮೇಲಿತ್ತು. ಮೂಲೆ ಸಿಕ್ಕಿಸಿ, ಎರಡು ಕೋಟುಗಳ ನಡುವಿನಿಂದ ಒಡತಿಯ ಕೈಗೆ ದಾಟಿಸಿದಳು.

"ನೋಡ್ರೀ, ಈ ಕೊರಿಯನ್ ಹೆಂಗಸು ಹೆಂಗ್ ಮಡಚ್ತಾಳೆ. ನನ್ ಸೊಸೆ ಬಂದು ಇವಳ ಹತ್ರ ಕಲೀಬೇಕು."

"ಐ ಫೋಲ್ಡ್," ಎಂದಳು ಒಡತಿ, ನಾಚಿಕೆಯಿಲ್ಲದೆ.

ನನಗೊಂದು ಉಪಮೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸದ್ದಿಲ್ಲದಿರುವುದು ಆ ಅಕ್ಷರದ ಸ್ವಭಾವ. ನನ್ನ ತಂಗಿಯದು ಸ್ವಭಾವವಲ್ಲ, ಭಯ. ಯಾರಾದರೊಬ್ಬರು ಎಲ್ಲಾದರೂ ಒಂದು ಮಾತು ಆಡಿದರೆ ಗ್ರೀನ್ ಕಾರ್ಡಿನ ಕಡತ ಅಲ್ಲಿಗೆ ಮುಚ್ಚಿದಂತೆ.

ದಾರಿ

ನವರಾತ್ರಿಗೆ ಸರೋಜಕ್ಕ ಟ್ರಾಯಿಗೆ ಕರೆದಳು. ಅವಳ ಮನೆಯಲ್ಲಿ ಪ್ರತಿವರ್ಷ ಗೊಂಬೆ ಕೂರಿಸುತ್ತಾರೆ. ಶಾಂತಾ ಆಂಟಿ ಅವಳಿಗೂ ಹಳೆಯ ಪರಿಚಯ. ಅವರ ಯಜಮಾನರಿಗೆ ಬಿಡುವಿಲ್ಲವೆಂದು ನಮ್ಮ ಕಾರಿನಲ್ಲೇ ಬಂದರು, ಹಿಂದಿನ ಸೀಟಿನಲ್ಲಿ, ಉಷಾಳ ಪಕ್ಕದಲ್ಲಿ, ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿದ್ದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು. ಡಿಕ್ಕಿಯಲ್ಲಿಟ್ಟರೆ ಮಡಿಕೆ ಕೆಡುತ್ತದಂತೆ.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳು ಕಂಡವು, ಕೆಲವು ಮಾತ್ರ ಹೊಗೆ ಬಿಡುತ್ತಿದ್ದವು. ಮೈಲಿಗಟ್ಟಲೆ ಜೋಳದ ಒಣಗಿದ ದಂಟು. ನಮ್ಮ ಕಡೆ ಐದು ಗಂಟೆ ಪ್ರಯಾಣವೆಂದರೆ ಬಸ್ಸು ಹತ್ತು ಕಡೆ ನಿಂತು, ಹತ್ತು ಜನರ ಪರಿಚಯವಾಗಿ, ಮನೆಯ ಕಷ್ಟಸುಖ ಎಲ್ಲ ಹಂಚಿಕೊಂಡು ಇಳಿಯುತ್ತೇವೆ. ಇಲ್ಲಿ ಪರಿಚಯದವರೇ ಒಂದು ಡಬ್ಬಿಯಲ್ಲಿ ಕೂತು ಏನನ್ನೂ ಹೇಳಿಕೊಳ್ಳದೆ ಇಳಿದೆವು.

"ನಿಂಗೆ ಬೇಜಾರಾಗಲ್ವೇನಮ್ಮ, ದಿನಾ ಮನೇಲೇ ಕೂತು?" ಎಂದರು ಶಾಂತಾ ಆಂಟಿ.

"ಅಭ್ಯಾಸ ಆಗ್ಬಿಟ್ಟಿದೆ ಆಂಟಿ," ಎಂದಳು ಉಷಾ.

ಪ್ರಕಾಶ ಕನ್ನಡಿಯಲ್ಲಿ ಹಿಂದೆ ನೋಡಿ, ರೇಡಿಯೋ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ಆಂಟಿ ಮೂಗು ಅರಳಿಸಿ, ಏನೋ ಕೆಮಿಕಲ್ ವಾಸನೆ ಅಲ್ವಾ ಎಂದರು. ಸೀರೆಯದಿರಬೇಕು ಎಂದು ನಾನೇ ಹೇಳಿದೆ. ಸುಳ್ಳಲ್ಲ.

ಟ್ರಾಯ್

ಸರೋಜಕ್ಕನ ಬಡಾವಣೆಯಲ್ಲಿ ಎರಡು ಮನೆಗಳ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬ್ಯಾಂಕಿನವರು ತೆಗೆದುಕೊಂಡ ಮನೆಗಳು ಎಂದಳು. ಅವಳ ಗಂಡ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಎಂಜಿನಿಯರು. ವಾರಕ್ಕೆ ಮೂರೇ ದಿನ ಕೆಲಸ ಕೊಡುತ್ತಿದ್ದರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಎರಡೆರಡು ಪಾಳಿ ದುಡಿಯುತ್ತಿದ್ದಳು. ಮನೆ ಗುಡಿಸಿ ಅಡುಗೆಗೆ ನೆರವಾಗಲು ಬರುತ್ತಿದ್ದ ಹೆಂಗಸನ್ನು ಬಿಡಿಸಿದ್ದಳು. ಸಿಂಕಿನ ತುಂಬ ಪಾತ್ರೆ. ಉಷಾ ಚಪ್ಪಲಿ ಬಿಟ್ಟವಳೇ ಸೆರಗು ಸಿಕ್ಕಿಸಿ ಅವುಗಳ ಮುಂದೆ ನಿಂತಳು.

"ಇವಳು ಬಂದ್ರೆ ನಂಗೆ ಆನೆಬಲ," ಎಂದಳು ಸರೋಜಕ್ಕ. ಪ್ರೀತಿಯಿಂದಲೇ ಹೇಳಿದಳು.

ಬೇಸ್‌ಮೆಂಟಿನಲ್ಲಿ ಬಿಳಿಯ ಪಂಚೆ ಹೊದಿಸಿದ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ, ದಶಾವತಾರ, ಶೆಟ್ಟರ ಅಂಗಡಿ. ಅದರ ಪಕ್ಕ ಅವಳ ಮಗಳು ಬಾಲ್ಯದಲ್ಲಿ ಆಡಿದ ಪ್ಲಾಸ್ಟಿಕ್ ಡೈನೋಸಾರ್ ಕೂಡ ಕೂತಿತ್ತು. ಸಂಜೆ ಹೆಂಗಸರು ಬರುವ ಮೊದಲು ಶಾಂತಾ ಆಂಟಿ ಸೀರೆ ಬದಲಿಸಲು ಕೆಳಗಿಳಿದು ಆ ಚೀಲ ಬಿಚ್ಚಿದರು.

"ಸರೋಜಾ, ಒಂದ್ನಿಮಿಷ ನೋಡು ಇದನ್ನ. ಲೊಂಬಾರ್ಡಲ್ಲಿ ಒಬ್ಳು ಕೊರಿಯನ್ ಇದಾಳೆ. ಮೈಸೂರಲ್ಲೂ ಹಿಂಗೆ ಮಡಚಲ್ಲ."

ಸರೋಜಕ್ಕ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಹೆಬ್ಬೆರಳು ತಾನಾಗಿಯೇ ಸೆರಗಿನ ಮೂಲೆಗೆ ಹೋಯಿತು. ಸಿಕ್ಕಿಸಿದ ತ್ರಿಕೋನವನ್ನು ಎಳೆದಳು, ಮತ್ತೆ ಸಿಕ್ಕಿಸಿದಳು. ಒಮ್ಮೆ ನನ್ನತ್ತ ನೋಡಿದಳು. ನಾನು ಗೊಂಬೆಗಳತ್ತ ನೋಡಿದೆ. ಆಮೇಲೆ ಮೆಟ್ಟಿಲ ಕಡೆ ನೋಡಿದಳು; ಮೇಲೆ ಅಡುಗೆಮನೆಯಲ್ಲಿ ಉಷಾ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಚೆನ್ನಾಗ್ ಮಡಚಿದಾಳೆ," ಎಂದಳು.

ಸೀರೆಯನ್ನು ಹಿಂದಿರುಗಿಸಲು ಆಂಟಿಯ ಹತ್ತಿರ ಸರಿದಳು. ಇಲ್ಲೇ ನಾನು ಮೊದಲು ಹೇಳಿದ ಆ ಬಾಗುವಿಕೆ. ಅವಳ ಬಾಯಿ ಆಂಟಿಯ ಕಿವಿಯ ಹತ್ತಿರ ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಸೀರೆ ಕೊಡುವವರು ಬಾಗಲೇಬೇಕಲ್ಲ ಎಂದು ನನ್ನ ಓದು ಹೇಳುತ್ತದೆ. ಅಷ್ಟರಲ್ಲಿ ಸರೋಜಕ್ಕನ ಮಗಳು ನೇಹಾ ಇಳಿದು ಬಂದು, "ಮಾಮ್, ಪೀಪಲ್ ಆರ್ ಹಿಯರ್," ಎಂದಳು. ಅರಿಶಿನ ಕುಂಕುಮ, ಸುಂಡಲು, ಹಾಡು ಎಲ್ಲ ಕ್ರಮವಾಗಿ ನಡೆದವು. ಹಿಂದಿರುಗುವ ದಾರಿಯಲ್ಲಿ ಶಾಂತಾ ಆಂಟಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಿರಬಹುದು.

ಮತ್ತೆ ಲೊಂಬಾರ್ಡ್

ದೀಪಾವಳಿಗೆ ಮುಂಚೆ ಸೊನ್ನೆಯ ಕೆಳಗಿನ ಹಲಗೆ ತುಂಬಿ ತುಳುಕುತ್ತದೆ ಎಂದು ಉಷಾ ಹೇಳಿದ್ದಳು. ಆ ವರ್ಷ ಅದು ದಿನದಿನಕ್ಕೆ ಬರಿದಾಯಿತು. ಒಬ್ಬೊಬ್ಬರೇ ಬಂದು ತಮ್ಮ ಸೀರೆ ತೆಗೆದುಕೊಂಡು ಹೋದರು. ಹೊಸದನ್ನು ಕೊಡಲಿಲ್ಲ.

ಕಾಲವೇ ಕೆಟ್ಟದ್ದಿತ್ತು, ಅದನ್ನು ಮರೆಯಬಾರದು. ಉಳಿದ ಸಾಲುಗಳೂ ತೆಳುವಾಗುತ್ತಿದ್ದವು; ಕೆಲಸ ಹೋದವರಿಗೆ ಕೋಟು ಯಾತಕ್ಕೆ? ಆದರೆ ಕೋಟುಗಳು ಕರಗಿದ್ದು ಮೆಲ್ಲಮೆಲ್ಲಗೆ. ಸೀರೆಗಳು ಒಮ್ಮೆಗೇ ಹೋದವು.

ನಿಮ್ಮವರಿಗೆ ಈ ಸಲ ಹಬ್ಬವಿಲ್ಲವೇ ಎಂದು ಒಡತಿ ಕೇಳಿದಳು. ಇದೆ ಎಂದಳು ಉಷಾ. ಒಡತಿ ರಟ್ಟಿನ ಮೇಲಿನ ಸೊನ್ನೆಯನ್ನು ನೋಡಿ ಇಸ್ತ್ರಿಯ ಕಡೆ ತಿರುಗಿದಳು.

ಆಮೇಲೊಂದು ದಿನ ಇಬ್ಬರು ಹೆಂಗಸರು ಬಂದರು. ದನಿ ಯಾರದೆಂದು ನಮಗೆ ಗುರುತಾಗಲಿಲ್ಲ. ಸೀರೆ ಮಡಚುವವರು ಯಾರು, ಅವರನ್ನು ನೋಡಬಹುದೇ ಎಂದು ಇಂಗ್ಲಿಷಿನಲ್ಲಿ ಒಡತಿಯನ್ನು ಕೇಳಿದರು. ನಾನೇ ಎಂದಳು ಅವಳು. ಅವರಲ್ಲೊಬ್ಬಳು ಕೌಂಟರಿನ ಮೇಲೆ ಬಗ್ಗಿ ಹಿಂದುಗಡೆ ಇಣುಕಿದಳು. ನಾವು ಗೌನುಗಳ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದೆವು, ಇಬ್ಬರು ಓದಿದ ಹೆಂಗಸರು, ಬೆಕ್ಕು ಬಂದಾಗ ಗೂಡಿನ ಮೂಲೆ ಸೇರಿದ ಕೋಳಿಗಳ ಹಾಗೆ. ಮೆಚ್ಚುಗೆಯಿಂದಲೇ ಕೇಳಿದ್ದರೋ ಏನೋ. ಅವರು ಹೋದಮೇಲೆ ಒಡತಿ ಬಾಗಿಲ ಚಿಲಕ ಹಾಕಿ ಒಳಗೆ ಬಂದಳು. ಹಿಂದೆ ಯಾರಿದ್ದಾರೆಂದು ಜನ ಕೇಳತೊಡಗಿದರೆ ಅದು ಕೇಳಿದವರಲ್ಲಿಗೇ ನಿಲ್ಲುವುದಿಲ್ಲ, ಆಮೇಲೆ ಸರಕಾರದವರು ಬರುತ್ತಾರೆ, ತನಗೆ ಇರುವುದು ಈ ಅಂಗಡಿಯೊಂದೇ ಎಂದಳು. ನಾಳೆಯಿಂದ ಬರಬೇಡ ಎಂದಳು. ಕ್ಷಮಿಸು ಎನ್ನಲಿಲ್ಲ.

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿಸಿದಳು. ಹಲಗೆಯ ಮೇಲೆ ಒಂದೇ ಒಂದು ಸೀರೆ ಉಳಿದಿತ್ತು. ಅದನ್ನು ಮೇಜಿನ ಮೇಲೆ ಬಿಡಿಸಿ, ನಿಧಾನವಾಗಿ ಮಡಚಿ ತೋರಿಸು ಎಂದಳು. ಉಷಾ ಮಡಚಿದಳು. ಬಿಚ್ಚಿಸಿ ಮತ್ತೊಮ್ಮೆ ಮಡಚಿಸಿದಳು. ಮೂರನೆಯ ಸಲ ತಾನೇ ಮಡಚಿದಳು. ಕೊನೆಗೆ ಮೂಲೆ ಸಿಕ್ಕಿಸುವಾಗ ತಡವರಿಸಿದಾಗ ಉಷಾ ಅವಳ ಬೆರಳು ಹಿಡಿದು ತ್ರಿಕೋನ ಮಾಡಿಸಿದಳು. ನಾನು ತಡೆಯಬೇಕೆಂದುಕೊಂಡೆ. ಅದು ಅಜ್ಜಿಯದು ಎಂದು ಯಾವ ನಾಲಿಗೆಯಿಂದ, ಯಾರಿಗೆ ಹೇಳುವುದು?

ಮನೆಗೆ ನಡೆಯುತ್ತಾ ಉಷಾಳನ್ನು ಕೇಳಿದೆ, ಸರೋಜಕ್ಕ ಏನಾದರೂ ಹೇಳಿರಬಹುದೇ ಎಂದು.

"ಬಿಡಕ್ಕ," ಎಂದಳು. "ಹೇಳಿದ್ರೂ ಸುಳ್ಳೇನ್ ಹೇಳಲಿಲ್ವಲ್ಲ."

ಆ ಸಂಜೆ ಪ್ರಕಾಶ ಎದ್ದು ಕಿಟಕಿಯ ಹತ್ತಿರ ಹೋದ. ಅವಳ ಮೇಲೆ ಇನ್ನೂ ಆ ವಾಸನೆಯಿತ್ತು. ಯಾಕೋ ಅಂದು ತೆಗೆಯಲಿಲ್ಲ.

ಬೇಸ್‌ಮೆಂಟ್

ಸರೋಜಕ್ಕನ ಫೋನು ಬಂದದ್ದು ಅದೇ ವಾರ. ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ, ನನಗೆ ತಿಳಿದಮಟ್ಟಿಗೆ.

"ಬಾಡಿಗೆ ಕಟ್ಟಿ ಯಾಕೆ ಸಾಯ್ತೀರಾ? ನಮ್ ಬೇಸ್‌ಮೆಂಟ್ ಖಾಲಿ ಬಿದ್ದಿದೆ. ಪ್ರಕಾಶ್ ಇಲ್ಲಿಂದಲೇ ಅಪ್ಲೈ ಮಾಡ್ಲಿ. ನಮ್ಮವರು ಅಂತ ಯಾಕಿರೋದು?"

ಪ್ರಕಾಶ ಎರಡು ಮಾತಿಲ್ಲದೆ ಒಪ್ಪಿದ. ಮೊದಲ ಹಿಮ ಬೀಳುವ ಮುಂಚೆ ಅವರು ಟ್ರಾಯಿಗೆ ಹೋದರು, ನಾನೂ ಜೊತೆಗಿದ್ದೆ. ಗೊಂಬೆಗಳ ಮೆಟ್ಟಿಲಿದ್ದ ಜಾಗದಲ್ಲಿ ಹಾಸಿಗೆ. ಅಂಗೈ ಅಗಲದ ಒಂದು ಕಿಟಕಿ, ಅದೂ ಚಾವಣಿಯ ಎತ್ತರಕ್ಕೆ, ನೋಡಿದರೆ ಹುಲ್ಲಿನ ಬೇರು. ಕೊರಿಯನ್ನಿನಲ್ಲಿ ಕೋಣೆಗೆ ಬಾಂಗ್ ಅಂತಾರೆ, ಕೊನೆಗೆ ಸದ್ದು ಮಾಡೋ ಸೊನ್ನೆ ಎಂದಳು ಉಷಾ ಹಾಸಿಗೆ ಹಾಸುತ್ತಾ. ನನಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಮೇಲೆ ಹತ್ತುತ್ತಿದ್ದಳು. ತಿಂಡಿ, ಡಬ್ಬಿ, ಪಾತ್ರೆ, ಬಟ್ಟೆ. ಯಾರೂ ಮಾಡೆಂದು ಹೇಳುತ್ತಿರಲಿಲ್ಲ. ಸರೋಜಕ್ಕ ಆಸ್ಪತ್ರೆಯಿಂದ ಬಂದು ಸೋಫಾದಲ್ಲಿ ಕುಸಿದು, ನೀನಿಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ ಎನ್ನುತ್ತಿದ್ದಳು. ನಿಜಕ್ಕೂ ಬಹಳ ದಣಿದಿರುತ್ತಿದ್ದಳು. ಅವಳ ಕಾಲು ಊದಿರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಇದಕ್ಕೆ ವೀಸಾದ ಅಡ್ಡಿಯಿರಲಿಲ್ಲ. ಸಂಬಂಧಿಕರ ಮನೆಯಲ್ಲಿ ಮಾಡುವುದು ಕೆಲಸವೆಂದು ಯಾವ ಸರಕಾರವೂ ಎಣಿಸುವುದಿಲ್ಲ.

ಒಂದು ಭಾನುವಾರ ಶಾಂತಾ ಆಂಟಿ ಫೋನು ಮಾಡಿದರು. ಸರೋಜಕ್ಕ ಚಪಾತಿ ಹಿಟ್ಟು ನಾದುತ್ತಿದ್ದುದರಿಂದ ಸ್ಪೀಕರ್ ಹಾಕಿದ್ದಳು. ಉಷಾ ಒಲೆಯ ಮುಂದಿದ್ದಳು. ಮಗಳ ಸೀಮಂತ, ಸೀರೆಗಳನ್ನೆಲ್ಲ ಕ್ಲೀನಿಂಗಿಗೆ ಕೊಟ್ಟಿದ್ದೇನೆ ಎಂದರು ಆಂಟಿ.

"ಅದೇ ಕೊರಿಯನ್ ಹತ್ರಾನೇ. ಮಧ್ಯೆ ಎಲ್ರೂ ಬಿಟ್ಬಿಟ್ಟಿದ್ವಿ ನೋಡು. ಈಗ ಮತ್ತೆ ಅಲ್ಲಿಗೇ. ಥೇಟ್ ಮೊದಲಿನ ಥರಾನೇ ಮಡಚ್ತಾಳೆ, ಆ ಮೂಲೆ ಸಮೇತ."

ಸರೋಜಕ್ಕ ಹಿಟ್ಟಿನ ಕೈಯಲ್ಲೇ ಸ್ಪೀಕರ್ ಆರಿಸಿದಳು. ಫೋನಿಗೆ ಹಿಟ್ಟು ಮೆತ್ತಿಕೊಂಡಿತು. ಉಷಾ ಕಾವಲಿಯ ಮೇಲಿನ ಚಪಾತಿಯನ್ನು ತಿರುವಿ ಹಾಕಿದಳು. ಅದು ಆಗಲೇ ಬೆಂದಿತ್ತು, ಮತ್ತೆ ತಿರುವಿದಳು.

ಏರ್‌ಪೋರ್ಟಿನ ದಾರಿ

ನನ್ನನ್ನು ಡೆಟ್ರಾಯಿಟ್ ಏರ್‌ಪೋರ್ಟಿಗೆ ಬಿಡಲು ಸರೋಜಕ್ಕ ರಜೆ ಹಾಕಿದಳು. ಉಷಾ ಬರಲಿಲ್ಲ. ಮನೆ ಬೆಚ್ಚಗಿಡುವ ಫರ್ನೇಸಿನ ರಿಪೇರಿಯವನು ಬರುತ್ತಾನೆ, ಮನೆಯಲ್ಲಿ ಯಾರಾದರೂ ಇರಬೇಕು ಎಂದಾಗಿತ್ತು. ಬಾಗಿಲಲ್ಲಿ ನಿಂತು ಕೈಬೀಸಿದಳು, ಸ್ವೆಟರಿನ ತೋಳು ಒದ್ದೆಯಾಗಿತ್ತು. ನನ್ನ ಸೂಟ್‌ಕೇಸನ್ನು ಅವಳೇ ತುಂಬಿದ್ದಳು. ಮೈಸೂರಿಗೆ ಬಂದು ತೆರೆದಾಗ ನನ್ನ ಎರಡು ರೇಷ್ಮೆ ಸೀರೆಗಳು ಹಾಗೆಯೇ ಮಡಚಿದ್ದವು, ಮೂಲೆ ಮಾತ್ರ ಸಿಕ್ಕಿಸಿರಲಿಲ್ಲ. ಅವಸರದಲ್ಲಿ ಮರೆತಿರಬಹುದು. ಅದಕ್ಕೂ ಅರ್ಥ ಹುಡುಕಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಹೊರಗೆ ಇಪ್ಪತ್ತು ಡಿಗ್ರಿ, ಅವರ ಲೆಕ್ಕದಲ್ಲಿ. ನಮ್ಮ ಲೆಕ್ಕದಲ್ಲಿ ನೀರು ಕಲ್ಲಾಗುವುದಕ್ಕಿಂತ ಕಡಿಮೆ. ಕಾರ್ಖಾನೆಗಳ ಕಾರು ನಿಲ್ಲಿಸುವ ಮೈದಾನಗಳಲ್ಲಿ ಹಿಮ ಸಪಾಟಾಗಿ ಬಿದ್ದಿತ್ತು, ಒಂದೂ ಚಕ್ರದ ಗುರುತಿರಲಿಲ್ಲ. ಸರೋಜಕ್ಕ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಚೆನ್ನಾಗಿ ಡ್ರೈವ್ ಮಾಡುತ್ತಿದ್ದಳು. ಅಜ್ಜಿಯ ಪೆಟ್ಟಿಗೆ ಈಗ ಯಾರ ಮನೆಯಲ್ಲಿದೆ ಎಂದು ವಿಚಾರಿಸಿದಳು. ಗೊತ್ತಿಲ್ಲ ಎಂದೆ. ಆ ಮೊಳೆ ನೆನಪಿದೆಯಾ ಎಂದು ನಕ್ಕಳು.

ಅವಳೇ ಆ ಮಾತು ತೆಗೆದಳಲ್ಲ ಎಂದು ಧೈರ್ಯ ಬಂತು. ಅಥವಾ ಧೈರ್ಯ ಬಂದದ್ದು ಇನ್ನು ಸ್ವಲ್ಪ ಹೊತ್ತಿಗೆ ನಾನು ಅಲ್ಲಿರುವುದಿಲ್ಲ ಎಂಬುದರಿಂದ. ಇಷ್ಟು ತಿಂಗಳು ಉಗುಳು ನುಂಗಿದ್ದ ಗಂಟಲಿನಿಂದ ಮಾತು ಹೊರಟಾಗ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ನಾನು ಕೇಳಿದ ಮೇಲೆ ಅವಳು ಇಂಡಿಕೇಟರ್ ಹಾಕಿದಳು, ಎಕ್ಸಿಟ್ ಬಂತು ಎಂದಳು, ತಿರುವಿನಲ್ಲಿ ಹಿಮವಿದೆಯೆಂದು ನಿಧಾನ ಮಾಡಿದಳು. ಟರ್ಮಿನಲ್ಲಿನ ಮುಂದೆ ಇಳಿಸಿ, ನನ್ನ ಶಾಲು ಸರಿಮಾಡಿ, ದಾರಿಗೆಂದು ಕಟ್ಟಿದ್ದ ಚಪಾತಿಯ ಪೊಟ್ಟಣ ಕೈಗಿಟ್ಟಳು. ಚಪಾತಿ ಉಷಾ ಮಾಡಿದ್ದು. ಊರಿಗೆ ಬಂದಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮಳೆ ಬೆಳೆ ಎಲ್ಲ ವಿಚಾರಿಸಿದ್ದಾಳೆ. ನಾನು ಕಾರಿನಲ್ಲಿ ಕೇಳಿದ್ದು ಇಷ್ಟೇ:

"ಸರೋಜಕ್ಕ, ಅವತ್ತು ಗೊಂಬೆ ಮುಂದೆ, ಸೀರೆ ವಾಪಸ್ ಕೊಡುವಾಗ, ಶಾಂತಾ ಆಂಟಿಗೆ ಏನು ಹೇಳಿದೆ?"